ಗಣಕಯಂತ್ರದೊಳಗಿನ ಹಗೇವು: ಕೆಟ್ಟ ಯಂತ್ರವನ್ನು ಕಾರ್ಖಾನೆಯ ಮೂಲಸ್ಥಿತಿಗೆ ತರುವ ಕ್ರಮ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಗಣಕಯಂತ್ರವು ಪಟ್ಟಣದ ಕಚೇರಿಗಳಿಗೆ ಮಾತ್ರ ಸೇರಿದ ವಸ್ತುವಾಗಿ ಉಳಿದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಿಗೆ, ಹಾಲು ಉತ್ಪಾದಕರ ಸಂಘಗಳಿಗೆ, ಬೀಜ-ಗೊಬ್ಬರದ ಅಂಗಡಿಗಳಿಗೆ ಅದು ಬಂದು ಬಹಳ ದಿನಗಳಾದವು. ಮಕ್ಕಳು ಕಾಲೇಜಿಗೆ ಹೋಗುವ ರೈತರ ಮನೆಗಳಲ್ಲಿಯೂ ಒಂದು ಲ್ಯಾಪ್‌ಟಾಪ್ ಇರುವುದು ಈಗ ಅಪರೂಪವಲ್ಲ. ಹಗಲು ಮಕ್ಕಳ ಪಾಠಕ್ಕೆ ಒದಗುವ ಅದೇ ಯಂತ್ರದಲ್ಲಿ ರಾತ್ರಿ ಮನೆಯ ಹಿರಿಯರು ಕಬ್ಬಿನ ಲೆಕ್ಕ ಬರೆಸುತ್ತಾರೆ. ಕಟಾವಿನ ತಂಡಕ್ಕೆ ಕೊಟ್ಟ ಮುಂಗಡ, ಕಾರ್ಖಾನೆಗೆ ಹೋದ ಗಾಡಿಗಳ ತೂಕದ ಚೀಟಿಯ ಚಿತ್ರ, ಹನಿ ನೀರಾವರಿ ಸಹಾಯಧನದ ಅರ್ಜಿ, ಅಣ್ಣತಮ್ಮಂದಿರ ವಾಟಣಿ ಪತ್ರದ ಪ್ರತಿ, ಎಲ್ಲವೂ ಅದರಲ್ಲಿಯೇ ಬಂದು ಸೇರುತ್ತವೆ.

ಇಂತಹ ಯಂತ್ರ ಒಂದು ದಿನ ಹಟ ಹಿಡಿಯುತ್ತದೆ. ಗುಂಡಿ ಒತ್ತಿದರೆ ಅರ್ಧ ಗಂಟೆ ಏಳುವುದಿಲ್ಲ. ಎದ್ದರೆ ಬೇಡದ ಜಾಹೀರಾತುಗಳು ಪರದೆಯ ತುಂಬ ಹರಡುತ್ತವೆ. ಇಲ್ಲವೇ ನೀಲಿ ಪರದೆ ಬಂದು ಅಲ್ಲಿಯೇ ನಿಲ್ಲುತ್ತದೆ. ಪೇಟೆಗೆ ಒಯ್ದರೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಫಾರ್ಮ್ಯಾಟ್ ಮಾಡಿಸಿ. ಸಂಜೆಗೆ ಯಂತ್ರ ಚುರುಕಾಗಿ ಮನೆಗೆ ಬರುತ್ತದೆ. ಮೂರು ಹಂಗಾಮಿನ ಲೆಕ್ಕ ಮಾತ್ರ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಸ್ತು ಅದೇ ದಿನ ಅಳಿಸಿಹೋಗಿರುವುದುಂಟು. ಅದು ಇತ್ತೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಯಂತ್ರವನ್ನು ತಯಾರಿಸಿದವರು ಅದನ್ನು ಮತ್ತೆ ಮೊದಲಿನಂತೆ ಮಾಡಿಕೊಳ್ಳಲೆಂದು ಯಂತ್ರದೊಳಗೆಯೇ ಮರೆಮಾಡಿ ಇಟ್ಟ ಒಂದು ವಿಭಾಗ ಅದು. ಇಂಗ್ಲಿಷಿನಲ್ಲಿ ರಿಕವರಿ ಪಾರ್ಟಿಷನ್ ಎಂದು ಅದಕ್ಕೆ ಹೆಸರು.

ಮರೆಯಲ್ಲಿರುವ ವಿಭಾಗದ ಸ್ವರೂಪ

ಉತ್ತರ ಕರ್ನಾಟಕದ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಜೋಳ ಬೆಳೆಯುವ ಸೀಮೆಯ ಹಳೆಯ ಮನೆಗಳ ಮುಂದೆ ನೆಲದೊಳಗೆ ಹಗೇವು ಇರುತ್ತಿತ್ತು. ಮೇಲೆ ನಡೆದಾಡುವವರಿಗೆ ಅದು ಕಾಣದು. ಬಾಯಿಗೆ ಕಲ್ಲು ಹೊದಿಸಿ ಮಣ್ಣು ಮುಚ್ಚಿರುತ್ತಿದ್ದರು. ದಿನದ ಊಟಕ್ಕೆ ಅದನ್ನು ಮುಟ್ಟುತ್ತಿರಲಿಲ್ಲ. ಬರ ಬಿದ್ದಾಗ ಅದರ ಬಾಯಿ ತೆರೆಯುತ್ತಿದ್ದರು. ಗಣಕಯಂತ್ರದ ಮರೆಯ ವಿಭಾಗವೂ ಇದೇ ಬಗೆಯದು.

ಯಂತ್ರದ ಎಲ್ಲ ಮಾಹಿತಿಯೂ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬ ಒಂದು ಸಂಗ್ರಹದಲ್ಲಿ ಇರುತ್ತದೆ. ಈ ಸಂಗ್ರಹವನ್ನು ಒಂದೇ ಸರ್ವೆ ನಂಬರಿನ ಹೊಲವೆಂದು ತಿಳಿಯಬಹುದು. ಹೊಲವನ್ನು ಹಿಸ್ಸೆಗಳಾಗಿ ಪೋಡಿ ಮಾಡಿದಂತೆ ಈ ಸಂಗ್ರಹವನ್ನೂ ವಿಭಾಗಗಳಾಗಿ ಒಡೆದಿರುತ್ತಾರೆ. ಹಿಸ್ಸೆಗಳ ಗಡಿಯನ್ನು ಬರೆದಿಟ್ಟ ಒಂದು ಸಣ್ಣ ನಕಾಶೆ ಸಂಗ್ರಹದ ಮೊದಲ ಭಾಗದಲ್ಲಿಯೇ ಇರುತ್ತದೆ. ವಿಂಡೋಸ್ ವ್ಯವಸ್ಥೆಯು ಈ ನಕಾಶೆಯನ್ನು ಓದಿ, ಬಳಕೆಗೆ ಬೇಕಾದ ಹಿಸ್ಸೆಗಳಿಗೆ ಸಿ, ಡಿ ಎಂಬ ಅಕ್ಷರಗಳನ್ನು ಕೊಡುತ್ತದೆ. ನಕಾಶೆಯಲ್ಲಿ ಬೇರೊಂದು ಗುರುತು ಇರುವ ಹಿಸ್ಸೆಗೆ ಅಕ್ಷರ ಕೊಡುವುದಿಲ್ಲ. ಅಕ್ಷರವಿಲ್ಲದ್ದು ಪರದೆಯ ಮೇಲೆ ಕಾಣದು; ಉತಾರದಲ್ಲಿ ಹೆಸರು ಬರದ ತುಂಡಿನಂತೆ ಅದು ಇದ್ದೂ ಇಲ್ಲದಂತಿರುತ್ತದೆ. ಮರೆ ಎಂದರೆ ಇಷ್ಟೇ. ಅದಕ್ಕೆ ಬೀಗವೇನೂ ಇರುವುದಿಲ್ಲ. ತಿಳಿಯದೆ ಅಳಿಸಿದರೆ ಅಳಿಸಿಯೇ ಹೋಗುತ್ತದೆ.

ತಮ್ಮ ಯಂತ್ರದಲ್ಲಿ ಇದು ಇದೆಯೇ ಎಂದು ನೋಡುವುದು ಸುಲಭ. ಪರದೆಯ ಕೆಳಗಿನ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬುದನ್ನು ಆರಿಸಬೇಕು. ಸಂಗ್ರಹದ ಹಿಸ್ಸೆಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ರಿಕವರಿ ಪಾರ್ಟಿಷನ್ ಎಂದು ಬರೆದಿರುವುದೇ ಹಗೇವು. ನೋಡಿ ಮುಚ್ಚಬೇಕು, ಅಲ್ಲಿ ಏನನ್ನೂ ಅಳಿಸಕೂಡದು, ಹಿಗ್ಗಿಸಕೂಡದು.

ಅದರ ಗಾತ್ರವನ್ನು ಮಾತ್ರ ಗಮನಿಸಬೇಕು, ಏಕೆಂದರೆ ಹಗೇವುಗಳಲ್ಲಿ ಎರಡು ಬಗೆ. ವಿಂಡೋಸ್ 7ರ ಕಾಲದ ಯಂತ್ರಗಳಲ್ಲಿಯೂ 2012ರಲ್ಲಿ ಬಂದ ವಿಂಡೋಸ್ 8ರ ಯಂತ್ರಗಳಲ್ಲಿಯೂ ಈ ವಿಭಾಗವು ಸಾಮಾನ್ಯವಾಗಿ 10ರಿಂದ 20 ಜಿಬಿಯಷ್ಟು ಇರುತ್ತಿತ್ತು. ಕಾರ್ಖಾನೆಯಿಂದ ಹೊರಬಂದ ದಿನ ಯಂತ್ರದಲ್ಲಿ ಏನೇನಿತ್ತೋ ಅದರ ಪೂರ್ಣ ಪಡಿಯಚ್ಚು ಅದರಲ್ಲಿರುತ್ತಿತ್ತು. ವಿಂಡೋಸ್ 10 ಬಂದ ಮೇಲೆ ಕ್ರಮ ಬದಲಾಯಿತು. ಈಗಿನ ಅನೇಕ ಯಂತ್ರಗಳಲ್ಲಿ ಮರೆಯ ವಿಭಾಗ 500 ಎಂಬಿಯಿಂದ 1 ಜಿಬಿಯಷ್ಟು ಮಾತ್ರ. ಅದರಲ್ಲಿ ಕಾಳು ಇಲ್ಲ, ಕೂರಿಗೆ ಇದೆ ಎನ್ನಬಹುದು. ಅಂದರೆ ದುರಸ್ತಿಯ ಉಪಕರಣಗಳಷ್ಟೇ ಅಲ್ಲಿರುತ್ತವೆ. ಹೊಸ ವಿಂಡೋಸನ್ನು ಕಟ್ಟಲು ಬೇಕಾದ ಸಾಮಗ್ರಿಯನ್ನು ಅವು ಸಿ ವಿಭಾಗದಲ್ಲಿರುವ ವ್ಯವಸ್ಥೆಯ ಕಡತಗಳಿಂದಲೇ ಆಯ್ದುಕೊಳ್ಳುತ್ತವೆ, ಇಲ್ಲವೇ ಅಂತರ್ಜಾಲದಿಂದ ತರುತ್ತವೆ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಇಂದಿಗೂ ಎರಡೂ ಬಗೆಯ ವಿಭಾಗಗಳು ಒಟ್ಟಿಗೆ ಇರುತ್ತವೆ.

ಸಣ್ಣದೆಂದು ಇದನ್ನು ಕಡೆಗಣಿಸಬಾರದು. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಭದ್ರತಾ ಪರಿಷ್ಕರಣೆಯು ಈ ವಿಭಾಗದಲ್ಲಿ 250 ಎಂಬಿ ತೆರವು ಜಾಗ ಕೇಳಿತು. ಅಷ್ಟು ಜಾಗವಿಲ್ಲದ ಯಂತ್ರಗಳಲ್ಲಿ ಅದು ಇಳಿಯದೆ ತಪ್ಪಿನ ಸಂಕೇತ ತೋರಿಸುತ್ತಲೇ ಇತ್ತು. ಕಾಣದ ಈ ತುಂಡನ್ನೂ ವಿಂಡೋಸ್ ಬಳಸುತ್ತಿರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಯಾವಾಗ ತೆರೆಯಬೇಕು

ಎಲೆ ಹಳದಿಯಾದ ಕೂಡಲೇ ಯೂರಿಯಾ ಚೆಲ್ಲುವ ರೈತರು ಇದ್ದಾರೆ. ಹಳದಿಗೆ ಸಾರಜನಕದ ಕೊರತೆ ಕಾರಣವಿರಬಹುದು, ಕಬ್ಬಿಣದ ಕೊರತೆ ಇರಬಹುದು, ಬೇರಿನಲ್ಲಿ ನೀರು ನಿಂತಿರಬಹುದು. ಗಣಕಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಯಂತ್ರ ಬಿಸಿಯಾಗಿ ತಾನಾಗಿಯೇ ನಿಲ್ಲುತ್ತಿದ್ದರೆ ಅದರ ಗಾಳಿಪಂಕದಲ್ಲಿ ಧೂಳು ಕಟ್ಟಿರುವ ಸಂಭವ ಹೆಚ್ಚು. ಹಿಟ್ಟಿನ ಗಿರಣಿ, ಗೊಬ್ಬರದ ಅಂಗಡಿಗಳಲ್ಲಿ ಇಟ್ಟ ಯಂತ್ರಗಳಿಗೆ ಇದು ಸಾಮಾನ್ಯ ರೋಗ. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಶಬ್ದ ಬರುತ್ತಿದ್ದರೆ ಅದು ಯಂತ್ರಭಾಗದ ಸವೆತ. ಅಂತಹ ಡಿಸ್ಕಿನ ಮೇಲೆ ಮೂಲಸ್ಥಿತಿಯ ಪ್ರಯೋಗ ಮಾಡುವುದೆಂದರೆ ಉಳಿದಿರುವ ಲೆಕ್ಕವನ್ನೂ ಕೈಯಾರೆ ಕಳೆದುಕೊಂಡಂತೆ. ಮೊದಲು ಮಾಹಿತಿ ಹೊರಗೆ ತೆಗೆಯಬೇಕು, ಆಮೇಲೆ ಡಿಸ್ಕನ್ನೇ ಬದಲಾಯಿಸಬೇಕು.

ಇಂತಹ ದೋಷವಿಲ್ಲವೆಂದು ಖಚಿತವಾದ ಮೇಲೂ ಸಣ್ಣ ಮದ್ದಿನಿಂದ ಆರಂಭಿಸುವುದು ಲೇಸು. ಈಚೆಗೆ ಹಾಕಿದ ಪ್ರೋಗ್ರಾಂ ತೆಗೆದುಹಾಕುವುದು, ಈಚೆಗೆ ಇಳಿದ ಪರಿಷ್ಕರಣೆಯನ್ನು ಹಿಂತೆಗೆಯುವುದು, ಆನಂತರ ಸಿಸ್ಟಮ್ ರಿಸ್ಟೋರ್ ಎಂಬ ಸೌಲಭ್ಯವನ್ನು ಪ್ರಯತ್ನಿಸುವುದು, ಈ ಕ್ರಮವನ್ನು ಅನುಸರಿಸಬಹುದು. ಸಿಸ್ಟಮ್ ರಿಸ್ಟೋರ್ ಬೇರೆ, ಮೂಲಸ್ಥಿತಿಗೆ ತರುವುದು ಬೇರೆ. ಮೊದಲನೆಯದು ವ್ಯವಸ್ಥೆಯ ಏರ್ಪಾಡನ್ನು ಕೆಲವು ದಿನಗಳ ಹಿಂದಿನ ಗುರುತಿಗೆ ಒಯ್ಯುತ್ತದೆ, ಬರೆದಿಟ್ಟ ಲೆಕ್ಕಪತ್ರಗಳನ್ನು ಮುಟ್ಟುವುದಿಲ್ಲ. ಎರಡನೆಯದು ಹೊಲವನ್ನು ಆಳವಾಗಿ ಉತ್ತು ಹೊಸದಾಗಿ ಬಿತ್ತಿದಂತೆ. ಮೊದಲನೆಯದು ಫಲಿಸದಿದ್ದಾಗ, ಯಂತ್ರಕ್ಕೆ ವೈರಸ್ ಆಳವಾಗಿ ಹತ್ತಿದಾಗ, ಅಥವಾ ಯಂತ್ರವನ್ನು ಬೇರೆಯವರಿಗೆ ಮಾರುವಾಗ ಹಗೇವಿಗೆ ಕೈ ಹಾಕಬೇಕು.

ತೆರೆಯುವ ಮುನ್ನ

ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಾಳಿನ ಉಸಿರಾಟದಿಂದ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಪ್ರಾಣವಾಯು ಕಡಿಮೆಯಾಗಿರುತ್ತದೆ. ಅವಸರಪಟ್ಟು ಇಳಿದವರು ಜೀವ ಕಳೆದುಕೊಂಡದ್ದುಂಟು. ಬಾಯಿ ತೆರೆದು ಕಾದು, ಕಂದೀಲು ಇಳಿಬಿಟ್ಟು ಅದು ಉರಿಯುವುದನ್ನು ನೋಡಿಕೊಂಡು ಇಳಿಯುವುದು ಹಿರಿಯರ ರೂಢಿ. ಗಣಕಯಂತ್ರದಲ್ಲಿಯೂ ಈ ಕಾಯುವ ಹೊತ್ತೇ ಎಲ್ಲಕ್ಕಿಂತ ಮುಖ್ಯವಾದುದು.

ಹಗೇವು ಯಂತ್ರವನ್ನು ಮರಳಿಸುತ್ತದೆಯೇ ಹೊರತು ರೈತನ ಲೆಕ್ಕವನ್ನು ಮರಳಿಸುವುದಿಲ್ಲ. ಯಂತ್ರ ಕಾರ್ಖಾನೆಯಿಂದ ಬಂದ ದಿನ ಅದರಲ್ಲಿ ಕಬ್ಬಿನ ಲೆಕ್ಕ ಇರಲಿಲ್ಲ. ಆದುದರಿಂದ ಮೂಲಸ್ಥಿತಿ ಎಂದರೆ ಲೆಕ್ಕವಿಲ್ಲದ ಸ್ಥಿತಿ ಎಂದೇ ಅರ್ಥ.

ಹಾಗೆಂದು ಕಂಡದ್ದನ್ನೆಲ್ಲ ಪ್ರತಿ ಮಾಡುತ್ತ ಕುಳಿತರೆ ಎರಡು ದಿನ ಬೇಕು. ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ವಿಂಗಡಿಸಬೇಕು. ಪಹಣಿ ಕಳೆದರೆ ಚಿಂತೆಯಿಲ್ಲ. ರಾಜ್ಯದ ಭೂದಾಖಲೆಗಳು ಭೂಮಿ ಯೋಜನೆಯಲ್ಲಿ ಗಣಕೀಕೃತವಾಗಿವೆ, ಶುಲ್ಕ ಕೊಟ್ಟರೆ ಹೊಸ ಪ್ರತಿ ದೊರೆಯುತ್ತದೆ. ಆಧಾರ್ ಪ್ರತಿಯೂ ಹಾಗೆಯೇ. ಬ್ಯಾಂಕಿನ ಖಾತೆಯ ವಿವರವನ್ನು ಬ್ಯಾಂಕು ಕೊಡುತ್ತದೆ. ಸಿನಿಮಾ, ಹಾಡುಗಳ ಮಾತು ಬಿಡಬಹುದು. ಆದರೆ ಕಟಾವಿನ ಮುಕಾದಮನಿಗೆ ಕೊಟ್ಟ ಮುಂಗಡದ ದಿನಚರಿ ಎಲ್ಲಿಯೂ ಸಿಗದು. ಮಾಸಿಹೋಗುವ ಕಾಗದದ ಮೇಲೆ ಅಚ್ಚಾದ ತೂಕದ ಚೀಟಿಯ ಚಿತ್ರ ಸಿಗದು. ಬೆಳೆ ಹಾನಿಯ ದಿನ ಹೊಲದಲ್ಲಿ ತೆಗೆದ ಚಿತ್ರ ಸಿಗದು. ಸಂಘದ ಸಭೆಯ ನಡಾವಳಿಯ ಕರಡು, ಹಾಲಿನ ಲೆಕ್ಕದ ತಖ್ತೆ, ಟ್ಯಾಲಿ ಪ್ರೋಗ್ರಾಮಿನ ಮಾಹಿತಿ ಇರುವ ಫೋಲ್ಡರ್, ಇವನ್ನು ಮೊದಲು ತೆಗೆದಿಡಬೇಕು. ಬಹಳ ಜನ ಕಡತಗಳನ್ನು ಡೆಸ್ಕ್‌ಟಾಪಿನ ಮೇಲೆಯೇ ಇಟ್ಟಿರುತ್ತಾರೆ. ಮೊಬೈಲಿನಿಂದ ಬಂದ ಚಿತ್ರಗಳು ಡೌನ್‌ಲೋಡ್ಸ್ ಎಂಬಲ್ಲಿ ಅಡಗಿರುತ್ತವೆ. ಈ ಎರಡು ಸ್ಥಳಗಳನ್ನು ನೋಡಲು ಮರೆಯುವವರೇ ಹೆಚ್ಚು.

ಪತ್ತಿನ ಸಂಘಗಳ ವಿಷಯ ಸ್ವಲ್ಪ ಬೇರೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ನೀಡಿತು. ಈ ಯೋಜನೆಯ ಸಮಾನ ತಂತ್ರಾಂಶದಲ್ಲಿ ದಾಖಲಾದ ಸಾಲ ಮತ್ತು ಷೇರಿನ ಲೆಕ್ಕ ದೂರದ ಸರ್ವರಿನಲ್ಲಿ ಇರುವುದರಿಂದ ಸಂಘದ ಮೇಜಿನ ಮೇಲಿನ ಯಂತ್ರ ಅಳಿಸಿಹೋದರೂ ಅದಕ್ಕೆ ಧಕ್ಕೆಯಿಲ್ಲ. ಆದರೆ ಲೆಕ್ಕಪರಿಶೋಧನೆಗೆ ಬರೆದ ಉತ್ತರ, ಸದಸ್ಯರಿಗೆ ಕಳಿಸಿದ ನೋಟಿಸು, ಹಳೆಯ ವರ್ಷಗಳ ತಖ್ತೆಗಳು ಮೇಜಿನ ಮೇಲಿನ ಯಂತ್ರದಲ್ಲಿಯೇ ಉಳಿದಿರುತ್ತವೆ. ಎಲ್ಲವೂ ಮೇಲೆ ಇದೆ ಎಂಬ ಧೈರ್ಯದಲ್ಲಿ ಕಾರ್ಯದರ್ಶಿಗಳು ಇವನ್ನು ಮರೆಯಬಾರದು.

ಪ್ರತಿಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ಒಂದು ತಪ್ಪು ಬಹಳ ಕಡೆ ನಡೆಯುತ್ತದೆ. ಸಿ ವಿಭಾಗ ಅಳಿಯುತ್ತದೆಂದು ಕೇಳಿ, ಲೆಕ್ಕವನ್ನೆಲ್ಲ ಡಿ ವಿಭಾಗಕ್ಕೆ ಸರಿಸಿ ನಿಶ್ಚಿಂತರಾಗುತ್ತಾರೆ. ಕಂಪನಿಯ ಹಗೇವಿನಿಂದ ಪೂರ್ಣ ಪಡಿಯಚ್ಚು ಇಳಿಸುವಾಗ ಕೆಲವು ಯಂತ್ರಗಳಲ್ಲಿ ಇಡೀ ಡಿಸ್ಕು ಹೊಸದಾಗಿ ಪೋಡಿಯಾಗುತ್ತದೆ. ಡಿ ವಿಭಾಗವೂ ಹೋಗುತ್ತದೆ. ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕ್ ಇಲ್ಲವೇ ಪೆನ್ ಡ್ರೈವ್‌ನಲ್ಲಿಯೇ ಇಡಬೇಕು. ಇಟ್ಟ ಮೇಲೆ ಅದನ್ನು ಬೇರೊಂದು ಯಂತ್ರಕ್ಕೆ ಚುಚ್ಚಿ, ನಾಲ್ಕಾರು ಕಡತ ತೆರೆದು ನೋಡಬೇಕು. ಮೊಳಕೆ ಪರೀಕ್ಷೆ ಮಾಡದ ಬೀಜ ಬಿತ್ತುವ ರೈತ ಈಗ ಕಡಿಮೆ; ತೆರೆದು ನೋಡದ ಪ್ರತಿಯನ್ನು ನಂಬುವವರು ಮಾತ್ರ ಇನ್ನೂ ಬಹಳ.

ಇನ್ನೊಂದು ಎಚ್ಚರಿಕೆ ಈಚಿನ ಯಂತ್ರಗಳಿಗೆ ಸಂಬಂಧಿಸಿದ್ದು. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಬಿಟ್‌ಲಾಕರ್ ಎಂಬುದು ಈ ಬೀಗದ ಹೆಸರು. ಇದರ ಕೀಲಿ 48 ಅಂಕಿಗಳ ಒಂದು ಸಂಖ್ಯೆ. ದಿನದ ಬಳಕೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮರೆಯ ವಿಭಾಗದಿಂದ ದುರಸ್ತಿಗೆ ಹೊರಟಾಗ ಪರದೆ ಅದನ್ನು ಕೇಳುವುದುಂಟು. ಯಂತ್ರ ಕೊಂಡಾಗ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಅದನ್ನು ಆರಂಭಿಸಿದರೋ ಆ ಖಾತೆಯಲ್ಲಿ ಈ ಕೀಲಿ ಇರುತ್ತದೆ. ಅಂಗಡಿಯವನು ತನ್ನ ಇಮೇಲ್ ಹಾಕಿ ಯಂತ್ರವನ್ನು ಆರಂಭಿಸಿ ಕೊಟ್ಟಿದ್ದರೆ ರೈತನ ಮನೆಯ ಕೀಲಿ ಅಂಗಡಿಯವನ ಜೇಬಿನಲ್ಲಿ ಇದ್ದಂತೆಯೇ. ಯಂತ್ರ ಚೆನ್ನಾಗಿರುವಾಗಲೇ ತಮ್ಮ ಸ್ವಂತ ಖಾತೆಗೆ ಬದಲಾಯಿಸಿಕೊಂಡು, 48 ಅಂಕಿಗಳನ್ನು ಮನೆಯ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಬರೆದಿಡುವುದು ಅವಶ್ಯ.

ಕೊನೆಯದು ವಿದ್ಯುತ್ತು. ಮೂಲಸ್ಥಿತಿಗೆ ತರುವ ಕೆಲಸಕ್ಕೆ ಒಂದು ಗಂಟೆಯಿಂದ ನಾಲ್ಕಾರು ಗಂಟೆ ಹಿಡಿಯಬಹುದು. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಹೆಚ್ಚು. ನಡುವೆ ವಿದ್ಯುತ್ ಹೋದರೆ ಹಳೆಯ ವ್ಯವಸ್ಥೆಯೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿಯಲ್ಲಿ ಯಂತ್ರ ನಿಲ್ಲಬಹುದು. ಹುಕ್ಕೇರಿ ಭಾಗಕ್ಕೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಗೋಕಾಕ, ಮೂಡಲಗಿಗಳಿಗೆ ಹೆಸ್ಕಾಂ ಸಂಸ್ಥೆಯೂ ವಿದ್ಯುತ್ ಒದಗಿಸುತ್ತವೆ. ಆಯಾ ಊರಿನ ನಿಲುಗಡೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ತುಂಬಿರಬೇಕು, ತಂತಿಯೂ ಚುಚ್ಚಿರಬೇಕು. ಮೇಜಿನ ಯಂತ್ರಕ್ಕೆ ಯುಪಿಎಸ್ ಇರಬೇಕು. ಆದರೆ ಅದು ಹತ್ತು-ಹದಿನೈದು ನಿಮಿಷ ತಡೆಯುವಂತಹುದಾದರೆ ಇಷ್ಟು ಉದ್ದದ ಕೆಲಸಕ್ಕೆ ಸಾಲದು. ಮಳೆ-ಗುಡುಗಿನ ದಿನ ಈ ಕೆಲಸ ಬೇಡ.

ತೆರೆಯುವ ಕ್ರಮ

ಯಂತ್ರ ನಿಧಾನವಾಗಿಯಾದರೂ ಏಳುತ್ತಿದ್ದರೆ ಒಳಗಿನಿಂದಲೇ ಹೋಗಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ರಿಕವರಿ ಎಂಬಲ್ಲಿಗೆ ಹೋಗಬೇಕು. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ರಿಕವರಿ ಎಂದು ಹೋಗಬೇಕು. ಅಲ್ಲಿ ರೀಸೆಟ್ ದಿಸ್ ಪಿಸಿ ಎಂಬುದು ಕಾಣುತ್ತದೆ.

ಅದನ್ನು ಒತ್ತಿದಾಗ ಎರಡು ದಾರಿಗಳು ತೆರೆಯುತ್ತವೆ. ಕೀಪ್ ಮೈ ಫೈಲ್ಸ್ ಎಂಬುದು ಬಳಕೆದಾರನ ಕಡತಗಳನ್ನು ಉಳಿಸಿ, ಪ್ರೋಗ್ರಾಂಗಳನ್ನೂ ಏರ್ಪಾಡುಗಳನ್ನೂ ತೆಗೆಯುತ್ತದೆ. ಯಾವ ಯಾವ ಪ್ರೋಗ್ರಾಂ ತೆಗೆಯಲಾಯಿತು ಎಂಬ ಪಟ್ಟಿಯನ್ನು ಕೊನೆಯಲ್ಲಿ ಡೆಸ್ಕ್‌ಟಾಪಿನ ಮೇಲೆ ಇಡುತ್ತದೆ; ಆ ಪಟ್ಟಿ ಉಪಯುಕ್ತ. ರಿಮೂವ್ ಎವೆರಿಥಿಂಗ್ ಎಂಬುದು ಹೆಸರೇ ಹೇಳುವಂತೆ ಎಲ್ಲವನ್ನೂ ತೆಗೆಯುತ್ತದೆ. ಮನೆಯ ಬಳಕೆಗೆ ಮೊದಲನೆಯದು ಸಾಕು. ವೈರಸ್ ಹತ್ತಿದ ಯಂತ್ರಕ್ಕೆ ಎರಡನೆಯದೇ ಸರಿ, ಏಕೆಂದರೆ ಉಳಿಸಿದ ಕಡತಗಳ ಜೊತೆಗೆ ರೋಗದ ಬೀಜವೂ ಉಳಿಯಬಹುದು. ಮೊದಲನೆಯದನ್ನು ಆರಿಸಿದವರೂ ಹೊರಗೆ ಪ್ರತಿ ಇಡದೆ ಮುಂದುವರಿಯಬಾರದು.

ಮುಂದಿನ ಪ್ರಶ್ನೆ ಕ್ಲೌಡ್ ಡೌನ್‌ಲೋಡ್ ಬೇಕೋ ಲೋಕಲ್ ರೀಇನ್‌ಸ್ಟಾಲ್ ಬೇಕೋ ಎಂಬುದು. 2020ರಿಂದ ವಿಂಡೋಸ್ 10ರಲ್ಲಿಯೂ ಈ ಆಯ್ಕೆ ಬಂದಿದೆ. ಕ್ಲೌಡ್ ಎಂದರೆ ಅಂತರ್ಜಾಲದಿಂದ ಹೊಸ ಸಾಮಗ್ರಿ ತರುವುದು. 4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಮಾಹಿತಿ ಇಳಿಯಬೇಕಾಗುತ್ತದೆ. ಮೊಬೈಲಿನ ಜಾಲದಿಂದ ಕೆಲಸ ನಡೆಸುವ ಊರುಗಳಲ್ಲಿ ಇದು ದಿನವಿಡೀ ಹಿಡಿದು, ನಡುವೆ ನಿಂತೂ ಹೋಗಬಹುದು. ಲೋಕಲ್ ಎಂದರೆ ಯಂತ್ರದಲ್ಲಿಯೇ ಇರುವ ಕಡತಗಳಿಂದ ಕಟ್ಟುವುದು. ಮೊದಲು ಇದನ್ನೇ ಪ್ರಯತ್ನಿಸಬಹುದು. ವ್ಯವಸ್ಥೆಯ ಕಡತಗಳೇ ಕೆಟ್ಟಿದ್ದರೆ ಇದು ಅರ್ಧಕ್ಕೆ ನಿಂತು, ಮಾಡಿದ ಬದಲಾವಣೆಯನ್ನು ಹಿಂತೆಗೆದುಕೊಳ್ಳುತ್ತದೆ. ಆಗ ಒಳ್ಳೆಯ ಜಾಲವಿರುವ ಕಡೆಗೆ ಯಂತ್ರವನ್ನು ಒಯ್ದು ಕ್ಲೌಡ್ ಆರಿಸಬೇಕು.

ಯಂತ್ರ ಏಳದೇ ಇದ್ದರೆ ಹೊರಗಿನಿಂದ ಹೋಗಬೇಕು. ಇದಕ್ಕೆ ಕಂಪನಿಗೊಂದು ಕೀಲಿ. ಎಚ್‌ಪಿ ಯಂತ್ರಗಳಲ್ಲಿ ಗುಂಡಿ ಒತ್ತಿದ ಕೂಡಲೇ ಎಫ್ 11, ಏಸರ್‌ನಲ್ಲಿ ಆಲ್ಟ್ ಜೊತೆಗೆ ಎಫ್ 10, ಏಸೂಸ್‌ನಲ್ಲಿ ಎಫ್ 9 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುವುದು ರೂಢಿ. ಡೆಲ್‌ನಲ್ಲಿ ಎಫ್ 12 ಒತ್ತಿದರೆ ಬರುವ ಪಟ್ಟಿಯಲ್ಲಿ ಸಪೋರ್ಟ್ ಅಸಿಸ್ಟ್ ಎಂಬ ಹೆಸರಿರುತ್ತದೆ. ಲೆನೊವೊದ ಅನೇಕ ಲ್ಯಾಪ್‌ಟಾಪುಗಳ ಅಂಚಿನಲ್ಲಿ ಸೂಜಿಮೊನೆಯಿಂದ ಒತ್ತುವ ನೋವೊ ಎಂಬ ಸಣ್ಣ ಗುಂಡಿ ಇರುತ್ತದೆ. ಹಳೆಯ ತೋಷಿಬಾ ಯಂತ್ರಗಳಿಗೆ ಸೊನ್ನೆಯ ಕೀಲಿ. ಮಾದರಿಯಿಂದ ಮಾದರಿಗೆ ವ್ಯತ್ಯಾಸವುಂಟು. ಯಂತ್ರದ ಜೊತೆಗೆ ಬಂದ ಪುಸ್ತಿಕೆಯನ್ನು ನೋಡುವುದು ಒಳ್ಳೆಯದು. ಯಾವ ಕೀಲಿಗೂ ಬಗ್ಗದಿದ್ದರೆ, ಯಂತ್ರ ಏಳುವಾಗ ವಿದ್ಯುತ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ನಂದಿಸಬೇಕು. ಹೀಗೆ ಎರಡು ಮೂರು ಬಾರಿ ಮಾಡಿದರೆ ವಿಂಡೋಸ್ 10 ಮತ್ತು 11 ತಾವಾಗಿಯೇ ದುರಸ್ತಿಯ ಪರದೆಗೆ ಬರುತ್ತವೆ. ಅಲ್ಲಿ ಟ್ರಬಲ್‌ಶೂಟ್ ಎಂಬುದನ್ನು ಒತ್ತಿದರೆ ಮೇಲೆ ಹೇಳಿದ ರೀಸೆಟ್ ಸಿಗುತ್ತದೆ. ಆ ಪರದೆ ಕಾಣಿಸಿತೆಂದರೆ ಹಗೇವು ಸುರಕ್ಷಿತವಾಗಿದೆ ಎಂದು ತಿಳಿಯಬಹುದು.

ಹೊಸ ಯಂತ್ರದಲ್ಲಿ ಮೊದಲ ಕೆಲಸ

ಹಗೇವಿನಿಂದ ತೆಗೆದ ಬೀಜ ಮೊಳಕೆ ಬರುತ್ತದೆ. ಆದರೆ ಆ ತಳಿಯ ಕಾಲದ ನಂತರ ಬಂದ ರೋಗವನ್ನು ತಡೆಯುವ ಗುಣ ಅದರಲ್ಲಿರುವುದಿಲ್ಲ. ಕಂಪನಿಯ ಪಡಿಯಚ್ಚಿನಿಂದ ಎದ್ದ ಯಂತ್ರವೂ ಹಾಗೆಯೇ. 2018ರಲ್ಲಿ ತಯಾರಾದ ಯಂತ್ರದ ಪಡಿಯಚ್ಚು 2018ರ ವಿಂಡೋಸನ್ನೇ ಕೊಡುತ್ತದೆ. ಆದುದರಿಂದ ಬೇರೆ ಯಾವ ಕೆಲಸಕ್ಕೂ ಮೊದಲು ವಿಂಡೋಸ್ ಅಪ್‌ಡೇಟ್ ನಡೆಸಿ ಪರಿಷ್ಕರಣೆಗಳೆಲ್ಲ ಇಳಿಯುವವರೆಗೆ ಕಾಯಬೇಕು. ಬ್ಯಾಂಕಿನ ಕೆಲಸವನ್ನು ಅದಕ್ಕಿಂತ ಮುಂಚೆ ಮಾಡಕೂಡದು. ವಿಂಡೋಸ್ 7ಕ್ಕೆ ಉಚಿತ ಭದ್ರತಾ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರ ಕಾಲದ ಯಂತ್ರವನ್ನು ಮೂಲಸ್ಥಿತಿಗೆ ತಂದು ಅದರಲ್ಲಿ ಹಣದ ವ್ಯವಹಾರ ಮಾಡುವುದು ವಿವೇಕವಲ್ಲ. ಅಂತಹ ಯಂತ್ರ ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಸಾಕು.

ಲೈಸೆನ್ಸ್ ಬಗ್ಗೆ ಆತಂಕ ಬೇಡ. ವಿಂಡೋಸ್ 8 ಮತ್ತು ಅನಂತರದ ವಿಂಡೋಸ್ ಸಹಿತ ಮಾರಾಟವಾದ ಯಂತ್ರಗಳಲ್ಲಿ ಅದರ ಅನುಮತಿ ಸಂಖ್ಯೆಯನ್ನು ತಾಯಿಹಲಗೆಯ ಚಿಪ್ಪಿನಲ್ಲಿಯೇ ಬರೆದಿರುತ್ತಾರೆ. ಅಂತರ್ಜಾಲಕ್ಕೆ ಸೇರಿದ ಕೂಡಲೇ ಯಂತ್ರ ಅದನ್ನು ತಾನೇ ಓದಿಕೊಳ್ಳುತ್ತದೆ. ಹಣ ಕೊಟ್ಟು ಕೊಂಡ ಈ ಅನುಮತಿ ಇರುವಾಗ, ಫಾರ್ಮ್ಯಾಟ್ ಹೆಸರಿನಲ್ಲಿ ಕಳ್ಳಪ್ರತಿ ಹಾಕಿಸಿಕೊಳ್ಳುವುದು ಪ್ರಮಾಣಿತ ಬೀಜದ ಚೀಲವನ್ನು ಪಕ್ಕಕ್ಕಿಟ್ಟು ಸಂತೆಯ ಬೀಜ ಬಿತ್ತಿದಂತೆ. ಯಂತ್ರವನ್ನು ಅಂಗಡಿಗೆ ಕೊಡಲೇಬೇಕಾದರೆ, ಮರೆಯ ವಿಭಾಗವನ್ನು ಅಳಿಸಬಾರದೆಂದು ಬಾಯಿಬಿಟ್ಟು ಹೇಳಿ ಚೀಟಿಯಲ್ಲಿಯೂ ಬರೆಸಬೇಕು.

ಇನ್ನು ಕನ್ನಡದ ಕಡತಗಳು. ಸಂಘಗಳಲ್ಲಿ ಹಳೆಯ ಪತ್ರಗಳು ಬಹುಮಟ್ಟಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಆ ಕಾಲದ ಅಕ್ಷರವಿನ್ಯಾಸದಲ್ಲಿ ಟೈಪಾಗಿವೆ. ಈ ವಿನ್ಯಾಸದಲ್ಲಿ ಯಂತ್ರದೊಳಗೆ ಸಂಗ್ರಹವಾಗುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ನುಡಿಯ ಅಕ್ಷರಗಳು ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಮೂಲಸ್ಥಿತಿಗೆ ಬಂದ ಯಂತ್ರದಲ್ಲಿ ನುಡಿ ಇರುವುದಿಲ್ಲ. ಪೆನ್ ಡ್ರೈವ್‌ನಿಂದ ಹಳೆಯ ನಡಾವಳಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿತೆಂದು ತಿಳಿದು ಅಳಿಸಿಬಿಟ್ಟರೆ ನಿಜವಾದ ನಷ್ಟ ಆಗುವುದು ಆಗಲೇ. ನುಡಿಯನ್ನು ಮತ್ತೆ ಹಾಕಿದ ಕೂಡಲೇ ಅಕ್ಷರಗಳು ಕನ್ನಡವಾಗಿ ನಿಲ್ಲುತ್ತವೆ. ಪ್ರತಿ ತೆಗೆಯುವಾಗಲೇ ನುಡಿಯ ಸ್ಥಾಪನಾ ಕಡತವನ್ನೂ ಅದೇ ಪೆನ್ ಡ್ರೈವ್‌ನಲ್ಲಿ ಇಡಬೇಕು. ಬಿಡುವಾದಾಗ ಮುಖ್ಯ ಕಡತಗಳನ್ನು ಪರಿವರ್ತಕದ ನೆರವಿನಿಂದ ಯುನಿಕೋಡ್‌ಗೆ ಬದಲಾಯಿಸಿಕೊಂಡರೆ ಮುಂದೆ ಈ ತೊಂದರೆಯೇ ಇರುವುದಿಲ್ಲ. ಬದಲಾಯಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು.

ಮಾರುವ ಯಂತ್ರ

ಹಳೆಯ ಲ್ಯಾಪ್‌ಟಾಪ್ ಮಾರುವ ಮುನ್ನ ಕಡತಗಳನ್ನು ಅಳಿಸಿ ಕಸದ ಬುಟ್ಟಿ ಬರಿದು ಮಾಡಿದರೆ ಸಾಲದು. ಅಳಿಸಿದಾಗ ಹೋಗುವುದು ಪಟ್ಟಿಯಲ್ಲಿನ ಹೆಸರು. ಹಾರ್ಡ್ ಡಿಸ್ಕಿನ ಮೇಲೆ ಮಾಹಿತಿ ಬಹಳ ದಿನ ಹಾಗೆಯೇ ಬಿದ್ದಿರುತ್ತದೆ, ತಿಳಿದವರು ಎತ್ತಿಕೊಳ್ಳಬಲ್ಲರು. ಆಧಾರ್, ಪಾಸ್‌ಬುಕ್, ಸಹಿಯ ಚಿತ್ರ ಇದ್ದ ಯಂತ್ರ ಎಂಬುದನ್ನು ನೆನಪಿಡಬೇಕು. ರಿಮೂವ್ ಎವೆರಿಥಿಂಗ್ ಆರಿಸಿ, ಮುಂದಿನ ಪರದೆಯಲ್ಲಿ ಏರ್ಪಾಡು ಬದಲಿಸುವ ಕಡೆ ಕ್ಲೀನ್ ಡೇಟಾ ಎಂಬುದಕ್ಕೆ ಹೌದು ಎನ್ನಬೇಕು. ಡಿ ವಿಭಾಗವಿದ್ದರೆ ಎಲ್ಲ ಡ್ರೈವ್‌ಗಳು ಎಂಬುದನ್ನೂ ಆರಿಸಬೇಕು. ಹೊತ್ತು ಬಹಳ ಹಿಡಿಯುತ್ತದೆ, ರಾತ್ರಿಯಿಡೀ ಬಿಡಬೇಕಾಗಬಹುದು. ಮರೆಯ ವಿಭಾಗವನ್ನು ಹಾಗೆಯೇ ಉಳಿಸಿದರೆ ಕೊಂಡವನಿಗೂ ಉಪಕಾರ.

ನೀರು ನುಗ್ಗಿದಾಗ

ಹಗೇವಿಗೆ ಒಂದು ಸಹಜ ದೋಷವಿತ್ತು. ಅದು ಮನೆಯಂಗಳದಲ್ಲಿಯೇ ಇದ್ದುದರಿಂದ ಮನೆಗೆ ನೀರು ಬಂದ ದಿನ ಅದಕ್ಕೂ ನೀರು ಬರುತ್ತಿತ್ತು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಘಟಪ್ರಭೆ ಉಕ್ಕಿದಾಗ ಗೋಕಾಕ ಪಟ್ಟಣದ ತಗ್ಗು ಭಾಗಗಳೂ ನದಿದಂಡೆಯ ಹಳ್ಳಿಗಳೂ ನೀರಿನಲ್ಲಿ ನಿಂತವು, ಲೋಳಸೂರ ಸೇತುವೆ ಮುಳುಗಿತು. ಅಂತಹ ನೀರಿನಲ್ಲಿ ನೆನೆದ ಯಂತ್ರದ ಡಿಸ್ಕು ಹೋದರೆ ಲೆಕ್ಕವೂ ಹೋಗುತ್ತದೆ, ಲೆಕ್ಕದ ಪಕ್ಕದಲ್ಲಿಯೇ ಇರುವ ಮರೆಯ ವಿಭಾಗವೂ ಹೋಗುತ್ತದೆ. ಎರಡೂ ಒಂದೇ ಸರ್ವೆ ನಂಬರಿನವು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸುಗಳೂ ಮರಳಿ ಪಡೆಯುವ ದಾರಿಗಳನ್ನು ಹುಡುಕಿ ಅಳಿಸುತ್ತವೆ.

ಆದುದರಿಂದ ಹಗೇವಿನ ಒಂದು ಪಾಲನ್ನು ಬೇರೆ ಕಡೆ ಇಡಬೇಕು. ವಿಂಡೋಸ್‌ನ ಹುಡುಕುವ ಜಾಗದಲ್ಲಿ ರಿಕವರಿ ಡ್ರೈವ್ ಎಂದು ಬರೆದರೆ ಇದಕ್ಕೆ ಬೇಕಾದ ಉಪಕರಣ ಸಿಗುತ್ತದೆ. 32 ಜಿಬಿಯ ಒಂದು ಪೆನ್ ಡ್ರೈವ್ ಚುಚ್ಚಿ, ವ್ಯವಸ್ಥೆಯ ಕಡತಗಳನ್ನೂ ಸೇರಿಸು ಎಂಬ ಗುರುತು ಹಾಕಿ ಮುಂದುವರಿಯಬೇಕು. ಪೆನ್ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಯುವುದರಿಂದ ಖಾಲಿಯಾದದ್ದನ್ನೇ ಬಳಸಬೇಕು. ಡಿಸ್ಕು ಬದಲಾಯಿಸಿದರೂ ಇದರಿಂದ ಯಂತ್ರವನ್ನು ಎಬ್ಬಿಸಬಹುದು. ಲೆಕ್ಕದ ಪ್ರತಿ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಬೇರೊಂದು ಪೆನ್ ಡ್ರೈವ್ ಇರಲಿ. ಯಂತ್ರ ಹೊಸದಾಗಿ ಬಂದ ವಾರದಲ್ಲಿಯೇ ಒಮ್ಮೆ ಇದನ್ನು ಮಾಡಿ, ವರ್ಷಕ್ಕೊಮ್ಮೆ ನವೀಕರಿಸುವುದು ಸೂಕ್ತ. ನದಿದಂಡೆಯ ಊರಿನವರು ಎರಡೂ ಪೆನ್ ಡ್ರೈವ್‌ಗಳನ್ನು 48 ಅಂಕಿಗಳ ಚೀಟಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಎತ್ತರದ ಊರಿನಲ್ಲಿರುವ ಬೀಗರ ಮನೆಯಲ್ಲಿ ಇರಿಸಬಹುದು. ಸಂಘದ ಯಂತ್ರದ್ದಾದರೆ ಒಂದು ಜೊತೆ ಅಧ್ಯಕ್ಷರ ಮನೆಯಲ್ಲಿರಲಿ. ಲೆಕ್ಕದ ಪ್ರತಿಯನ್ನು ಕಬ್ಬು ನುರಿಸುವ ಹಂಗಾಮಿನಲ್ಲಿ ವಾರಕ್ಕೊಮ್ಮೆ, ಉಳಿದ ದಿನಗಳಲ್ಲಿ ತಿಂಗಳಿಗೊಮ್ಮೆ ಹೊಸದು ಮಾಡಿದರೆ ಸಾಕು.